'ಹಿಮ್ ಸಿಟ್ಟಿಂಗ್' ತಪ್ಪಾ, 'ಹಿಸ್ ಸಿಟ್ಟಿಂಗ್' ಸರಿಯಾ? ಮಗಳ ಒಂದು ಮಾರ್ಕ್ ಹೋಯಿತು

ಅಪ್ಪನ_ಚಿಂತೆ
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ನಿನ್ನೆ ಇಂಗ್ಲಿಷ್ ಟೆಸ್ಟ್ ಪೇಪರ್ ತಂದಳು. ಬಿಟ್ಟ ಜಾಗ ತುಂಬುವ ಪ್ರಶ್ನೆ. ಅವಳು 'ಐ ಡೋಂಟ್ ಮೈಂಡ್ ಹಿಮ್ ಸಿಟ್ಟಿಂಗ್ ಹಿಯರ್' ಅಂತ ಬರೆದಿದ್ದಾಳೆ. ಟೀಚರ್ 'ಹಿಮ್' ಹೊಡೆದು ಹಾಕಿ ಮೇಲೆ 'ಹಿಸ್' ಅಂತ ಕೆಂಪು ಇಂಕಿನಲ್ಲಿ ಬರೆದು ಒಂದು ಮಾರ್ಕ್ ಕಳೆದಿದ್ದಾರೆ.

ನನಗೂ 'ಹಿಮ್' ಸರಿ ಅನ್ನಿಸುತ್ತದೆ. ಹದಿನೈದು ವರ್ಷದಿಂದ ಆಫೀಸಿನಲ್ಲಿ ಇಂಗ್ಲಿಷ್ ಮೇಲ್ ಬರೆಯುತ್ತಿದ್ದೇನೆ, ಯಾರೂ ಏನೂ ಅಂದಿಲ್ಲ. 'ಹಿಸ್' ಅಂದರೆ 'ಅವನ' ಅಲ್ವಾ? 'ಅವನ ಕೂತುಕೊಳ್ಳುವುದು ಪರವಾಗಿಲ್ಲ' ಅಂತ ಯಾರಾದರೂ ಮಾತಾಡುತ್ತಾರಾ? ಶಾಲೆಗೆ ಹೋಗಿ ಕೇಳಬೇಕೋ, ಸುಮ್ನೆ ಇರಬೇಕೋ ಹೇಳಿ.

ಬಿಸಿಕಾಫಿ
ಒಂದು ಮಾರ್ಕಿಗೆ ಶಾಲೆಗೆ ಹೋಗುವ ಅಪ್ಪಂದಿರು ಇನ್ನೂ ಇದ್ದಾರೆ ಅಂತ ಗೊತ್ತಾಗಿ ಸಂತೋಷವಾಯಿತು.

ಚಾಕ್‌ಪೀಸ್
ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಿ ಆದವಳು. ಟೀಚರ್ ಕೊಟ್ಟಿದ್ದು ಸರಿಯಾದ ಉತ್ತರವೇ. ವ್ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ ಓದಿದವರಿಗೆ ಈ ನಿಯಮ ಬಾಯಿಪಾಠ ಇರುತ್ತದೆ. 'ಸಿಟ್ಟಿಂಗ್' ಇಲ್ಲಿ ಜೆರಂಡ್. ನೋಡಲಿಕ್ಕೆ ಕ್ರಿಯಾಪದ, ಮಾಡುವ ಕೆಲಸ ನಾಮಪದದ್ದು. ನಾಮಪದ ಅಂದ ಮೇಲೆ ಅದಕ್ಕೆ ಒಬ್ಬ ಯಜಮಾನ ಬೇಕು. 'ಹಿಸ್ ಪೆನ್', 'ಹಿಸ್ ಬ್ಯಾಗ್' ಇದ್ದ ಹಾಗೆಯೇ 'ಹಿಸ್ ಸಿಟ್ಟಿಂಗ್'. 'ಹಿಮ್ ಪೆನ್' ಅನ್ನುತ್ತೇವೆಯೇ?

ನಾನು ಮಕ್ಕಳಿಗೆ ಹೀಗೆ ಹೇಳಿಕೊಡುತ್ತಿದ್ದೆ. ನಿನಗೆ ಬೇಜಾರಾಗಿದ್ದು ಮನುಷ್ಯನ ಮೇಲಾ, ಅವನು ಮಾಡಿದ ಕೆಲಸದ ಮೇಲಾ? ಕೆಲಸದ ಮೇಲೆ ಅಂದರೆ 'ಹಿಸ್' ಹಾಕು. ಅಷ್ಟೇ.

ರಾತ್ರಿಪಾಳಿ
ಮೇಡಂ, ಹಾಗಾದರೆ 'ಐ ಸಾ ಹಿಸ್ ಕ್ರಾಸಿಂಗ್ ದ ರೋಡ್' ಅನ್ನಬೇಕಾ? ನೋಡಿದ್ದು ಅವನ ಕೆಲಸವನ್ನೇ ಅಲ್ವಾ?

ಚಾಕ್‌ಪೀಸ್
ಇಲ್ಲಪ್ಪ. ಅಲ್ಲಿ 'ಹಿಮ್' ಮಾತ್ರ ಸರಿ. ಸೀ, ಹಿಯರ್, ವಾಚ್, ಕ್ಯಾಚ್ ಇವೆಲ್ಲದರ ಮುಂದೆ ಬರುವುದು ಜೆರಂಡ್ ಅಲ್ಲ, ಪಾರ್ಟಿಸಿಪಲ್. ನೀನು ನೋಡಿದ್ದು ಮನುಷ್ಯನನ್ನು, ಆಗ ಅವನು ರಸ್ತೆ ದಾಟುತ್ತಿದ್ದ.

ರಾತ್ರಿಪಾಳಿ
ಅಂದರೆ ಒಂದೇ ತರಹ ಕಾಣುವ ಎರಡು ವಾಕ್ಯ, ಒಂದರಲ್ಲಿ ಯಜಮಾನ ಬೇಕು, ಇನ್ನೊಂದರಲ್ಲಿ ಬೇಡ. ಬ್ರಿಟಿಷರು ಹೋದರೂ ತೊಂದರೆ ಬಿಟ್ಟು ಹೋದರು.

ಹುಬ್ಬಳ್ಳಿ_ಹವಾ
ಏನ್ರೀ, ಮೂಲ ಪ್ರಶ್ನೆ ಯಾರೂ ಮುಟ್ಟಲೇ ಇಲ್ಲ. ಚಿಂತೆ ಸಾಹೇಬರು ಕೇಳಿದ್ದು 'ಅವನ ಕೂತುಕೊಳ್ಳುವುದು' ಅಂತ ಯಾರು ಮಾತಾಡುತ್ತಾರೆ ಅಂತ. ಕನ್ನಡದಾಗ ಯಾರೂ ಇಲ್ಲ. ನಾವು 'ಅವನು ಬರೋದು' ಅಂತೀವಿ. 'ಅವನು ತಡವಾಗಿ ಬರೋದು ನನಗೆ ಸೇರೋದಿಲ್ಲ.' ಪ್ರಥಮಾ ವಿಭಕ್ತಿ. ನೆಟ್ಟಗೆ ಕರ್ತೃ.

ಆದರೆ ನಮ್ಮ ಓಣಿಯಲ್ಲಿ ಅರ್ಧ ಜನ ಮರಾಠಿ ಮಾತಾಡೋರು. ಅವರು 'ತ್ಯಾಚಂ ಯೇಣಂ' ಅಂತಾರೆ. ಅಂದರೆ ಅಕ್ಷರಶಃ 'ಅವನ ಬರೋದು'. ಹಿಂದಿಯೂ ಹಂಗೇ, 'ಉಸ್ಕಾ ಆನಾ'. ಅವರಿಗೆ 'ಹಿಸ್ ಕಮಿಂಗ್' ಮನೆ ಮಾತಿನಂಗೆ ಕೇಳಿಸಬೇಕು. ನಮಗೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹುಡುಗಿಯ ತಪ್ಪಲ್ಲ ಇದು.

ಕಡಲ_ತಡಿ
ತುಳುವಿನಲ್ಲೂ 'ಆಯೆ ಬರ್ಪುನ' ಅಂತಲೇ. 'ಆಯನ ಬರ್ಪುನ' ಅಂದರೆ ನನ್ನ ಅಜ್ಜಿ ಕೋಲು ಹಿಡಿಯುತ್ತಾರೆ. ತಮಿಳು 'ಅವನ್ ವರುವದು', ಅದೂ ನಮ್ಮ ಹಾಗೆಯೇ. ಈ ವಿಷಯದಲ್ಲಿ ದಕ್ಷಿಣದವರೆಲ್ಲ ಒಂದು ಕಡೆ.

ಸುಮ್ನೆ_ಓದೋಳು
ಒಂದು ನಿಮಿಷ. ಕನ್ನಡದಲ್ಲಿ ಷಷ್ಠಿ, ಅಂದರೆ 'ಅವನ' ಅನ್ನೋ ರೂಪ, ಬರೋದೇ ಇಲ್ಲವಾ? 'ಅವನ ಬರುವಿಕೆ', 'ಅವನ ಓಟ', 'ಅವನ ನಗು', 'ಅವನ ಕುಡಿತ'. ಇವೆಲ್ಲ ಏನು ಮತ್ತೆ? ಮದುವೆ ಕರೆಯೋಲೆ ತೆಗೆದು ನೋಡಿ, 'ತಮ್ಮ ಸುಖಾಗಮನವನ್ನು ಬಯಸುವ' ಅಂತ ಇರುತ್ತದೆ. ಅದೂ 'ಯುವರ್ ಕಮಿಂಗ್' ತಾನೇ.

ಹುಬ್ಬಳ್ಳಿ_ಹವಾ
ಓಟ, ನಗು, ಕುಡಿತ ಪೂರ್ತಿ ನಾಮಪದ ಆಗಿಬಿಟ್ಟಾವರಿ. ಅವಕ್ಕೆ ಷಷ್ಠಿ ಬಂದೇ ಬರುತ್ತದೆ. 'ಓಡೋದು' ಹಂಗಲ್ಲ.

ಹಳೆಗನ್ನಡ_ಹುಚ್ಚ
ಈಗ ಸರಿಯಾದ ಜಾಗಕ್ಕೆ ಬಂದಿರಿ. ಶಾಲೆಯಲ್ಲಿ ಎರಡನ್ನೂ ಒಂದೇ ಚೀಲಕ್ಕೆ ಹಾಕಿ 'ಕೃದಂತ ಭಾವನಾಮ', ಅಂದರೆ ಕ್ರಿಯಾಪದದಿಂದ ಹುಟ್ಟಿದ ನಾಮಪದ, ಅಂತ ಕಲಿಸಿಬಿಡುತ್ತಾರೆ. ಮಾಟ, ನೋಟ, ಓಟ, ಮಾಡುವಿಕೆ, ಮಾಡುವುದು ಎಲ್ಲ ಒಂದೇ ಪಟ್ಟಿಯಲ್ಲಿ. ಆದರೆ ವಾಕ್ಯದಲ್ಲಿ ಇಟ್ಟು ನೋಡಿ, ಬೇರೆ ಬೇರೆ ಜಾತಿ ಅಂತ ತಕ್ಷಣ ಗೊತ್ತಾಗುತ್ತದೆ.

'ಅವನ ಜೋರಾದ ಓಟ'.
'ಅವನು ಜೋರಾಗಿ ಓಡುವುದು'.

ಎರಡು ಕಡೆ ಬದಲಾಗಿದೆ ನೋಡಿ. 'ಓಟ' ನಾಮಪದ, ಅದಕ್ಕೇ 'ಅವನ' ಬಂತು, 'ಜೋರಾದ' ಬಂತು. 'ಓಡುವುದು' ಒಳಗೆ ಇನ್ನೂ ಕ್ರಿಯಾಪದದ ಜೀವ ಇದೆ, ಅದಕ್ಕೇ 'ಅವನು' ಬಂತು, 'ಜೋರಾಗಿ' ಬಂತು. ಕನ್ನಡ ಇವನ್ನು ಬೆರೆಸಲು ಬಿಡುವುದಿಲ್ಲ. 'ಅವನ ಜೋರಾಗಿ ಓಡುವುದು' ಅಂದರೆ ಕಿವಿಗೆ ಕಲ್ಲು ಸಿಕ್ಕ ಹಾಗೆ. 'ಅವನು ಜೋರಾದ ಓಟ' ಅಂತೂ ವಾಕ್ಯವೇ ಅಲ್ಲ.

ಇಂಗ್ಲಿಷ್ ಬೆರೆಸುತ್ತದೆ, ತಕರಾರು ಹುಟ್ಟುವುದು ಅಲ್ಲಿಯೇ. 'ಹಿಸ್ ಕ್ವಿಕ್ಲಿ ಲೀವಿಂಗ್ ದ ರೂಮ್'. ತಲೆ ಕಡೆ ನಾಮಪದಕ್ಕೆ ಬೇಕಾದ 'ಹಿಸ್'. ಬಾಲದ ಕಡೆ ಕ್ರಿಯಾಪದಕ್ಕೆ ಬೇಕಾದ 'ಕ್ವಿಕ್ಲಿ', ಅದರ ಜೊತೆಗೆ ಕರ್ಮಪದ ಬೇರೆ. ನಮ್ಮಲ್ಲಿ ಹೇಳುವ ಹಾಗೆ, ಮೇಲೆ ಪೇಟ ಕೆಳಗೆ ಚಡ್ಡಿ.

ಬಿಸಿಕಾಫಿ
'ನಮ್ಮಲ್ಲಿ ಹೇಳುವ ಹಾಗೆ' ಅಂತೆ. ಈಗ ತಾನೇ ನೀವೇ ಕಟ್ಟಿದ್ದು ಅದು.

ಹಳೆಗನ್ನಡ_ಹುಚ್ಚ
ನಮ್ಮಲ್ಲಿ ಅಂದರೆ ನಮ್ಮ ಮನೆಯಲ್ಲಿ. 😀

ಕರಡು_ತಿದ್ದುವವ
ಪ್ರೂಫ್ ನೋಡುವ ಕೆಲಸದವನು ನಾನು. ಈ 'ಹಿಮ್–ಹಿಸ್' ಜಗಳ ಚಿಂತೆಯವರ ಮನೆಯಲ್ಲಿ ಹುಟ್ಟಿದ್ದಲ್ಲ, ನೂರು ವರ್ಷಕ್ಕಿಂತ ಹಳೆಯದು. 1906ರಲ್ಲಿ ಇಂಗ್ಲೆಂಡಿನ ಫೌಲರ್ ಅಣ್ಣತಮ್ಮಂದಿರು ಒಂದು ಪುಸ್ತಕ ಬರೆದರು. ಅದರಲ್ಲಿ 'ಹಿಮ್ ಸಿಟ್ಟಿಂಗ್' ತರಹದ್ದಕ್ಕೆ 'ಫ್ಯೂಸ್ಡ್ ಪಾರ್ಟಿಸಿಪಲ್' ಅಂತ ಹೆಸರಿಟ್ಟರು. ಅಂದರೆ ಹಿಂದಿನ ಪದದ ಜೊತೆ ಬೆಸೆದುಕೊಂಡು ಬಿಟ್ಟ ಪಾರ್ಟಿಸಿಪಲ್. ಅವರು ಅದನ್ನು ಬೈದಿದ್ದೂ ಬೈದಿದ್ದೇ. ಅಣ್ಣ ಹೆನ್ರಿ ಫೌಲರ್ 1926ರಲ್ಲಿ ತನ್ನ ದೊಡ್ಡ ಬಳಕೆ ಕೋಶದಲ್ಲಿ ಮತ್ತೆ ಅದೇ ರಾಗ ಹಾಡಿದ.

ಅವನ ಒಂದು ಉದಾಹರಣೆ ತುಂಬಾ ಪ್ರಸಿದ್ಧ. 'ವಿಮೆನ್ ಹ್ಯಾವಿಂಗ್ ದ ವೋಟ್ ರೆಡ್ಯೂಸಸ್ ಮೆನ್ಸ್ ಪೊಲಿಟಿಕಲ್ ಪವರ್'. ಹೆಂಗಸರಿಗೆ ವೋಟ್ ಇರುವುದರಿಂದ ಗಂಡಸರ ರಾಜಕೀಯ ಬಲ ಕಡಿಮೆಯಾಗುತ್ತದೆ ಅಂತ. ಫೌಲರ್ ಕೇಳಿದ್ದು ಇಷ್ಟೇ. 'ರೆಡ್ಯೂಸಸ್'ಗೆ ಕರ್ತೃ ಯಾರು? 'ವಿಮೆನ್' ಬಹುವಚನ, ಕ್ರಿಯಾಪದ ಏಕವಚನ, ಹೊಂದುವುದಿಲ್ಲ. ಆದ್ದರಿಂದ 'ವಿಮೆನ್ಸ್ ಹ್ಯಾವಿಂಗ್' ಅನ್ನಿ, ಆಗ 'ಹ್ಯಾವಿಂಗ್' ಕರ್ತೃವಾಗಿ ಏಕವಚನ ಸರಿಹೋಗುತ್ತದೆ ಅಂತ.

ಈ ಉದಾಹರಣೆ ಬರೆದ ಕಾಲ ನೋಡಿ. ಬ್ರಿಟನ್ನಿನಲ್ಲಿ 1918ರಲ್ಲಿ ಮೂವತ್ತು ದಾಟಿದ ಹೆಂಗಸರಿಗೆ, ಅದೂ ಆಸ್ತಿಯ ಷರತ್ತು ಹಾಕಿ, ವೋಟ್ ಸಿಕ್ಕಿತ್ತು. ಗಂಡಸರ ಸಮಕ್ಕೆ ಸಿಕ್ಕಿದ್ದು 1928ರಲ್ಲಿ. ನಡುವೆ ಕೂತು ಈ ಮನುಷ್ಯ ವೋಟಿನ ಬಗ್ಗೆ ಬಿಟ್ಟು 'ವಿಮೆನ್ಸ್'ನ ಅಪಾಸ್ಟ್ರಫಿ ಬಗ್ಗೆ ತಲೆ ಕೆಡಿಸಿಕೊಂಡಿದ್ದ. ಪ್ರೂಫ್ ನೋಡುವವರ ಹಣೆಬರಹವೇ ಇಷ್ಟು, ನನ್ನನ್ನೂ ಸೇರಿಸಿ.

ಸುಮ್ನೆ_ಓದೋಳು
ಹಾಗಾದರೆ ಫೌಲರ್ ಗೆದ್ದ?

ಕರಡು_ತಿದ್ದುವವ
ಎಲ್ಲಿ ಗೆದ್ದ! 1926ರಲ್ಲೇ ಯೆಸ್ಪರ್ಸನ್ ಅಂತ ಡೆನ್ಮಾರ್ಕಿನ ವಿದ್ವಾಂಸ ತಿರುಗಿ ಬಿದ್ದ. ಇಂಗ್ಲಿಷ್ ಅವನ ತಾಯಿನುಡಿಯೂ ಅಲ್ಲ. ಇಂಗ್ಲಿಷ್ ಲೇಖಕರ ಬರಹಗಳಿಂದಲೇ ರಾಶಿ ಉದಾಹರಣೆ ಹೆಕ್ಕಿ ಮುಂದಿಟ್ಟ, ನಿಮ್ಮವರೇ ಹೀಗೆ ಬರೆಯುತ್ತಾ ಬಂದಿದ್ದಾರಲ್ಲ ಅಂತ. 2002ರ ಕೇಂಬ್ರಿಜ್ ಇಂಗ್ಲಿಷ್ ವ್ಯಾಕರಣ ಗ್ರಂಥ ಎರಡನ್ನೂ ಸರಿ ಅಂತಲೇ ಒಪ್ಪುತ್ತದೆ. 'ಹಿಸ್' ಸ್ವಲ್ಪ ಗಂಭೀರ, 'ಹಿಮ್' ಸ್ವಲ್ಪ ಸಲೀಸು, ವ್ಯತ್ಯಾಸ ಅಷ್ಟೇ.

ಅಪ್ಪನ_ಚಿಂತೆ
ಅಂದರೆ ಮಗಳು ಬರೆದಿದ್ದು ಸರಿ!! ನಾಳೆ ಶಾಲೆಗೆ ಹೋಗುತ್ತೇನೆ.

ಚಾಕ್‌ಪೀಸ್
ತಡೀರಿ, ಬೆಳಗಾಗುವ ಮೊದಲೇ ಶಾಲೆ ಗೇಟಿಗೆ ಹೋಗಬೇಡಿ. ಒಂಬತ್ತನೇ ಕ್ಲಾಸಿನಲ್ಲಿ ಪರೀಕ್ಷೆ ಮಾಡುವುದು ಪಾಠದಲ್ಲಿ ಹೇಳಿಕೊಟ್ಟ ನಿಯಮವನ್ನು. ಪಾಠ ಇದ್ದಿದ್ದೇ ಜೆರಂಡ್ ಮೇಲೆ ಆಗಿದ್ದರೆ ಟೀಚರಿಗೆ 'ಹಿಸ್' ಬೇಕಿತ್ತು. ಒಬ್ಬಳಿಗೆ ಬಿಟ್ಟರೆ ಮಿಕ್ಕ ನಲವತ್ತು ಮಕ್ಕಳ ಅಪ್ಪಂದಿರೂ ಬರುತ್ತಾರೆ.

ರಾತ್ರಿಪಾಳಿ
ಇದು ಒಳ್ಳೆ ಕಥೆ. ಪುಸ್ತಕದಲ್ಲಿ ಇರೋದೇ ಸರಿ, ಮಾತಾಡೋದು ತಪ್ಪು. ಕನ್ನಡದಲ್ಲೂ ಇದನ್ನೇ ಮಾಡಿದ್ದಾರೆ.

ಚಾಕ್‌ಪೀಸ್
ಹಾಗಂತ ನಾನೆಲ್ಲಿ ಅಂದೆ? ಎರಡೂ ಗೊತ್ತಿರಲಿ ಅಂದೆ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ನಿಯಮ ಎಷ್ಟು ಚೆನ್ನಾಗಿ ಕಲಿತ ಅಂದರೆ ಬೀಳ್ಕೊಡುಗೆ ದಿನ ಸ್ಟೇಜ್ ಮೇಲೆ 'ಥ್ಯಾಂಕ್ ಯೂ ಫಾರ್ ಯುವರ್ ಕಮಿಂಗ್' ಅಂತ ಶುರು ಮಾಡಿದ. 'ಥ್ಯಾಂಕ್ ಯೂ ಫಾರ್ ಕಮಿಂಗ್' ಅಂದರೆ ಸಾಕಿತ್ತು, ಬಂದವರು ಯಾರು ಅಂತ ಮೊದಲೇ 'ಯೂ' ಹೇಳಿ ಆಗಿದೆ. ಅಂದಿನಿಂದ ಪಾಠದ ಕೊನೆಗೆ ಈ ವಾಕ್ಯವನ್ನೂ ಸೇರಿಸಿಕೊಂಡೆ.

ಲೀಡ್ಸ್_ಮಳೆ
ಇಂಗ್ಲೆಂಡಿನ ಲೀಡ್ಸಿಗೆ ಬಂದು ಆರು ವರ್ಷ. ಇಲ್ಲಿಯ ಆಫೀಸಿನಲ್ಲಿ ಬಾಯಿ ಮಾತಿಗೆ 'ಹಿಸ್ ಸಿಟ್ಟಿಂಗ್' ಅನ್ನುವವರು ಕಡಿಮೆ. 'ಡು ಯೂ ಮೈಂಡ್ ಮಿ ಆಸ್ಕಿಂಗ್' ಅಂತಲೇ ಜಾಸ್ತಿ ಕೇಳುತ್ತೇನೆ. ಬರೆಯುವಾಗ ಹಿರಿಯರು 'ಮೈ' ಹಾಕುತ್ತಾರೆ.

ನನಗೆ ತಲೆ ಕೆಟ್ಟಿದ್ದು ಬೇರೆಯದರಲ್ಲಿ. ಬಂದ ಹೊಸತು. ಮೇಲ್ ಬಂತು, ಸಬ್ಜೆಕ್ಟ್ ಲೈನಿನಲ್ಲಿ 'ಮ್ಯಾನೇಜರ್ಸ್ ಲೀವಿಂಗ್ ಪಾರ್ಟಿ, ಫೈವ್ ಪಿ ಎಂ'. ನಾನು ಓದಿಕೊಂಡಿದ್ದು 'ಮ್ಯಾನೇಜರ್ ಐದು ಗಂಟೆಗೆ ಪಾರ್ಟಿ ಬಿಟ್ಟು ಹೊರಡುತ್ತಾರೆ' ಅಂತ. ಅವರೇ ಹೊರಟ ಮೇಲೆ ನಾನು ಹೋಗಿ ಏನು ಮಾಡಲಿ ಅಂತ ಮನೆಗೆ ಹೋಗಿ ಅನ್ನ ಸಾರು ಮಾಡಿಕೊಂಡು ಮಲಗಿದೆ. ಮಾರನೇ ದಿನ ಗೊತ್ತಾಯಿತು, ಅದು ಮ್ಯಾನೇಜರ್ ಕೆಲಸ ಬಿಡುವುದಕ್ಕೆ ಬೀಳ್ಕೊಡುಗೆ ಪಾರ್ಟಿ. ಕೇಕು ಕೂಡ ಸಿಗಲಿಲ್ಲ.

ಬಿಸಿಕಾಫಿ
ಅನ್ನ ಸಾರಿಗಿಂತ ಕೇಕು ಹೆಚ್ಚಾ?

ಹಳೆಗನ್ನಡ_ಹುಚ್ಚ
ಲೀಡ್ಸಿನವರ ಕೇಕಿನ ಹಿಂದೆ ಒಳ್ಳೆ ವಿಷಯ ಇದೆ. ಇಂಗ್ಲಿಷಿನ ಈ ಕೊನೆಯ 'ಸ್' ಮೂರು ವೇಷ ಹಾಕುತ್ತದೆ. ಒಮ್ಮೆ ಷಷ್ಠಿ, ಒಮ್ಮೆ 'ಈಸ್', ಒಮ್ಮೆ 'ಹ್ಯಾಸ್'. ಅದರ ಮುಂದೆ '-ಇಂಗ್' ಬಂದರೆ ವಾಕ್ಯ ಮುಗಿಯುವ ತನಕ ಯಾವುದು ಅಂತ ಗೊತ್ತಾಗುವುದಿಲ್ಲ. 'ಅಂಕಲ್ಸ್ ಲೀವಿಂಗ್ ಟುಮಾರೋ' ಅಂದರೆ ಅಂಕಲ್ ನಾಳೆ ಹೊರಡುತ್ತಾರೆ. 'ಅಂಕಲ್ಸ್ ಲೀವಿಂಗ್ ಹರ್ಟ್ ಅಮ್ಮ' ಅಂದರೆ ಅಂಕಲ್ ಹೊರಟಿದ್ದು ಅಮ್ಮನಿಗೆ ನೋವಾಯಿತು. ಮೊದಲ ಎರಡು ಪದ ಒಂದೇ. ಕನ್ನಡದಲ್ಲಿ 'ಮಾಮ ಹೊರಟಿದ್ದು' ಅಂತ ಶುರು ಮಾಡಿದಾಗಲೇ ಗೊತ್ತಾಗಿ ಹೋಗುತ್ತದೆ.

ಕಡಲ_ತಡಿ
ಜಾಸ್ತಿ ಹೊಗಳಬೇಡಿ. 'ಅವನು ಹಾಡುವುದು ನನಗೆ ಇಷ್ಟವಿಲ್ಲ' ಅಂದರೆ ಏನು? ಅವನು ಹಾಡಲೇಬಾರದು ಅಂತಲಾ, ಅವನ ರಾಗ ಸರಿಯಿಲ್ಲ ಅಂತಲಾ? ಎರಡೂ ಆಗುತ್ತದೆ. ಇಂಗ್ಲಿಷಿನಲ್ಲಿ 'ಹಿಸ್ ಸಿಂಗಿಂಗ್' ಅಂದರೆ ಹಾಡುವ ಬಗೆ, 'ಹಿಮ್ ಸಿಂಗಿಂಗ್' ಅಂದರೆ ಹಾಡುವ ಕೆಲಸ, ಅಷ್ಟಾದರೂ ಸುಳಿವು ಸಿಗುತ್ತದೆ.

ಚಾಕ್‌ಪೀಸ್
ಪೂರ್ತಿ ಹಾಗಲ್ಲ. 'ಹಿಸ್ ಸಿಂಗಿಂಗ್' ಎರಡಕ್ಕೂ ಸಲ್ಲುತ್ತದೆ. 'ಹಿಮ್' ಹಾಕಿದರೆ ಬಗೆಯ ಅರ್ಥ ಬರುವುದಿಲ್ಲ, ಆ ಅರ್ಧ ಮಾತ್ರ ಸರಿ.

ರಾತ್ರಿಪಾಳಿ
ಉಪಾಯ ಸಿಕ್ಕಿತು. ಹುಡುಗಿಗೆ ಹೇಳಿ, ಪರೀಕ್ಷೆಯಲ್ಲಿ ಎಲ್ಲ ಕಡೆ 'ಹರ್' ಅಂತ ಬರೆಯಲಿ. 'ಐ ಡೋಂಟ್ ಮೈಂಡ್ ಹರ್ ಸಿಟ್ಟಿಂಗ್ ಹಿಯರ್'. 'ಅವಳ' ಅಂದರೂ 'ಹರ್', 'ಅವಳನ್ನು' ಅಂದರೂ 'ಹರ್'. ಫೌಲರ್ ಎದ್ದು ಬಂದರೂ ಮಾರ್ಕ್ ಕಳೆಯಲಾರ.

ಸುಮ್ನೆ_ಓದೋಳು
ಹೆಂಗಸರಿಂದಲೇ ಉದ್ಧಾರ ಅಂತ ಒಪ್ಪಿಕೊಂಡಿರಲ್ಲ, ಸಾಕು.

ನನ್ನದೊಂದು ತಕರಾರು ಬಾಕಿ ಇದೆ. ಕನ್ನಡ ಬೆರೆಸುವುದಿಲ್ಲ ಅಂದಿರಿ. ನಮ್ಮಮ್ಮ ದಿನಾ ಬೆಳಗ್ಗೆ 'ನಿಂದು ಬರೀ ಫೋನ್ ನೋಡೋದೇ ಆಯ್ತು' ಅಂತಾರೆ. ತಮ್ಮನಿಗೆ 'ಇವಂದು ತಿನ್ನೋದು ಜಾಸ್ತಿ ಆಯ್ತು'. 'ನಿಂದು', 'ಇವಂದು' ಷಷ್ಠಿ ಅಲ್ವಾ? ಮುಂದೆ 'ನೋಡೋದು' ಇದೆ. ಈಗ ಏನಂತೀರಿ ಹುಚ್ಚರೇ?

ಹಳೆಗನ್ನಡ_ಹುಚ್ಚ
...

ಬಿಸಿಕಾಫಿ
ಸಾರ್ ಬಾಯಿ ಮುಚ್ಚಿದ್ದು ಇದೇ ಮೊದಲು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಹಳೆಗನ್ನಡ_ಹುಚ್ಚ
ಊಟಕ್ಕೆ ಎದ್ದಿದ್ದೆ ರೀ. ಅಮ್ಮನವರ ಮಾತು ನೂರಕ್ಕೆ ನೂರು ಕನ್ನಡ, ಅದನ್ನು ತಪ್ಪು ಅನ್ನಲು ನಾನ್ಯಾರು. ಆದರೆ ಅದು 'ನಿನ್ನ ನೋಡೋದು' ಅಲ್ಲ ನೋಡಿ, 'ನಿನ್ನದು'. 'ನಿನ್ನದು' ಅಂದರೆ ನಿನ್ನ ಕಥೆ, ನಿನ್ನ ಪಾಡು. ಅದನ್ನು ಮೊದಲು ಎತ್ತಿ ಮುಂದಿಟ್ಟು, ಆಮೇಲೆ ಏನದು ಅಂತ ಬಿಡಿಸಿ ಹೇಳುತ್ತಾರೆ, ಫೋನ್ ನೋಡೋದು ಅಂತ. ಮಧ್ಯೆ 'ಬರೀ' ಸೇರಿಕೊಂಡಿದೆ ಬೇರೆ. ಇನ್ನೊಂದು ಗಮನಿಸಿ, ಬೈಯುವಾಗ ಮಾತ್ರ ಹೀಗೆ ಬರುತ್ತದೆ. 'ನಿಂದು ಓದೋದು ನನಗೆ ಖುಷಿ' ಅಂತ ಯಾವ ಅಮ್ಮನೂ ಅಂದಿದ್ದು ನಾನು ಕೇಳಿಲ್ಲ. ಹೊಗಳುವಾಗ 'ನೀನು ಓದೋದು ನೋಡಿದರೆ ಖುಷಿ' ಅಂತಾರೆ.

ಹುಬ್ಬಳ್ಳಿ_ಹವಾ
ನಮ್ಮ ಕಡೆ 'ನಿಂದೇನದ ಬರೀ ತಿರಗೂದು' ಅಂತಾರ. ಅದೂ ಬೈಗುಳವೇ. ಹೊಗಳಿಕೆಗೆ ಬಂದದ್ದು ನೆನಪಾಗಲಿಲ್ಲ. ಒಪ್ಪಿದೆ.

ಸುಮ್ನೆ_ಓದೋಳು
ಅಮ್ಮನಿಗೆ ತೋರಿಸಿದೆ. 'ನಿಂದು ಇದೇ ಆಯ್ತು' ಅಂದರು.

ಕರಡು_ತಿದ್ದುವವ
ಇಂಗ್ಲಿಷಿಗೆ ಈ ಎರಡು ಮುಖ ಬಂದಿದ್ದು ಹೇಗೆ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಪ್ರತ್ಯಯ ಇದ್ದವು. ನಾಮಪದ ಮಾಡಲು '-ಉಂಗ್' ಅಥವಾ '-ಇಂಗ್', ಪಾರ್ಟಿಸಿಪಲ್ ಮಾಡಲು '-ಎಂಡೆ'. ಮುಂದೆ ನಡುಗಾಲದ ಇಂಗ್ಲಿಷಿನಲ್ಲಿ ಎರಡೂ ಸೇರಿ ಒಂದೇ '-ಇಂಗ್' ಆಯಿತು. ನಮ್ಮ 'ಓಟ'ವೂ 'ಓಡುವುದು' ಕೂಡ ಸವೆದು ಒಂದೇ ರೂಪ ಆಗಿದ್ದರೆ ಹೇಗಿರುತ್ತಿತ್ತು, ಹಾಗೆ. 'ದ ರೀಡಿಂಗ್ ಆಫ್ ದ ಬುಕ್' ಅನ್ನುವುದು ಇಂದಿಗೂ ಪೂರ್ತಿ ನಾಮಪದದ ವೇಷ. 'ರೀಡಿಂಗ್ ದ ಬುಕ್' ಅಂದಾಗ 'ಆಫ್' ಬಿದ್ದು ಹೋಗಿ ಕ್ರಿಯಾಪದದ ಕಡೆ ವಾಲಿತು. 'ಹಿಸ್ ರೀಡಿಂಗ್ ದ ಬುಕ್' ನಾಮಪದದ ಮನೆ ಬಾಗಿಲಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದೆ. 'ಹಿಮ್ ರೀಡಿಂಗ್ ದ ಬುಕ್' ಎರಡೂ ಕಾಲು ಹೊರಗಿಟ್ಟಿತು. ಕೆಲಸದಲ್ಲಿ ನನ್ನ ಅಳತೆ ಇಷ್ಟೇ. ವಾಕ್ಯದ ಶುರುವಿನಲ್ಲಿ ಬಂದರೆ 'ಹಿಸ್' ಮಾಡುತ್ತೇನೆ, 'ಹಿಸ್ ಲೀವಿಂಗ್ ಸರ್‌ಪ್ರೈಸ್ಡ್ ಅಸ್'. ಅಲ್ಲಿ 'ಹಿಮ್' ಬರಹದಲ್ಲಿ ಕಣ್ಣಿಗೆ ಚುಚ್ಚುತ್ತದೆ. ನಡುವೆ ಬಂದರೆ ಮುಟ್ಟುವುದಿಲ್ಲ. 'ನೋ ಚಾನ್ಸ್ ಆಫ್ ದಟ್ ಹ್ಯಾಪನಿಂಗ್' ಇದ್ದರೆ ಫೌಲರ್ ಆಣೆ ಹಾಕಿದರೂ 'ದಟ್'ಗೆ ಅಪಾಸ್ಟ್ರಫಿ ಕೊಡುವುದಿಲ್ಲ.

ರಾತ್ರಿಪಾಳಿ
ಕ್ರಿಯಾಪದ ಏಕವಚನ ಅಂದಿರಲ್ಲ, 'ದ ಚಿಲ್ಡ್ರನ್ಸ್ ಶೌಟಿಂಗ್ ಈಸ್' ಸರಿಯಾ 'ಆರ್' ಸರಿಯಾ? ಆಫೀಸಿನಲ್ಲಿ ಇದಕ್ಕೇ ಬೈಸಿಕೊಂಡಿದ್ದೇನೆ.

ಚಾಕ್‌ಪೀಸ್
'ಈಸ್'. ಮಕ್ಕಳು ಹತ್ತು ಜನ ಇರಲಿ, ಕಿರುಚಾಟ ಒಂದೇ. ಕನ್ನಡದಲ್ಲೇ ಹೇಳಿ ನೋಡು. 'ಮಕ್ಕಳು ಕಿರುಚುವುದು ಸಾಕಾಗಿದೆ.' 'ಸಾಕಾಗಿವೆ' ಅನ್ನುವುದಿಲ್ಲವಲ್ಲ.

ಕಡಲ_ತಡಿ
ವಿಷಯ ಬಿಟ್ಟು ಒಂದು ಪ್ರಶ್ನೆ. ನಾಟಕಗಳಲ್ಲಿ 'ತಾವು ಎಲ್ಲಿಂದ ಬರೋಣವಾಯಿತು' ಅಂತಾರಲ್ಲ, ಆ 'ಬರೋಣ' ಏನು? ನಾವೆಲ್ಲ ಸೇರಿ ಬರೋಣ ಅಂತಲಾ?

ಹಳೆಗನ್ನಡ_ಹುಚ್ಚ
ಅಲ್ಲ ಅಲ್ಲ. ಅದು ಭಾವನಾಮವೇ, 'ಬರುವಿಕೆ' ಅನ್ನುವ ಅರ್ಥ. ಎಲ್ಲಿಂದ ಬರುವಿಕೆ ಆಯಿತು ಅಂತ. 'ಬಂದಿರಿ' ಅಂತ ನೇರ ಕೇಳಿದರೆ ಒರಟಾಗುತ್ತದೆ ಅಂತ ಹೀಗೆ ಸುತ್ತು ಹಾಕಿ ಕೇಳುವುದು. ದೊಡ್ಡ ಮನೆಗಳ ಹಳೆಯ ಮರ್ಯಾದೆ ಮಾತು.

ಬಿಸಿಕಾಫಿ
ನಾಳೆಯಿಂದ ಸ್ವಿಗ್ಗಿ ಹುಡುಗನಿಗೆ 'ತಾವು ಎಲ್ಲಿಯವರೆಗೆ ಬರೋಣವಾಯಿತು' ಅಂತಲೇ ಕೇಳುತ್ತೇನೆ.

ಅಪ್ಪನ_ಚಿಂತೆ
ಅಪ್‌ಡೇಟ್. ನಾನು ಶಾಲೆಗೆ ಹೋಗಲಿಲ್ಲ. ನೀವು ಬರೆದಿದ್ದನ್ನೆಲ್ಲ ಮಗಳು ಕೂತು ಓದಿದಳು. ಬೆಳಗ್ಗೆ ಒಂದು ಚೀಟಿ ಬರೆದುಕೊಂಡು ಹೋಗಿ ಟೀಚರಿಗೆ ಕೊಟ್ಟಿದ್ದಾಳೆ. ಮೊದಲ ಸಾಲು 'ಐ ಹೋಪ್ ಯೂ ಡೋಂಟ್ ಮೈಂಡ್ ಮೈ ಆಸ್ಕಿಂಗ್'. ಮೈ!! ಕೆಳಗೆ 'ಹಿಮ್' ಕೂಡ ಮಾತಿನಲ್ಲಿ ಇದೆಯಂತಲ್ಲ ಅಂತ ಕೇಳಿದ್ದಾಳೆ, ಫೌಲರ್ ಹೆಸರೂ ಹಾಕಿದ್ದಾಳೆ.

ಟೀಚರ್ ನಕ್ಕು ಚೀಟಿಯನ್ನು ಕ್ಲಾಸಿನಲ್ಲಿ ಓದಿಸಿದರಂತೆ. ಮೊದಲ ಸಾಲು ಸರಿ ಬರೆದಿದ್ದೀಯ ಅಂತ ಅರ್ಧ ಮಾರ್ಕ್ ವಾಪಸ್ ಕೊಟ್ಟಿದ್ದಾರೆ. ಇನ್ನರ್ಧ ಕೊಡುವುದಿಲ್ಲವಂತೆ.

ರಾತ್ರಿಪಾಳಿ
ಇನ್ನರ್ಧಕ್ಕೆ ಈಗ ನೀವು ಹೋಗಿ ಸಾರ್.

ಚಾಕ್‌ಪೀಸ್
ಅವರು ಹೋಗುವುದು ಬೇಡ.

ಹುಬ್ಬಳ್ಳಿ_ಹವಾ
ನೋಡ್ರಿ, 'ಅವರ ಹೋಗುವುದು' ಅನ್ನಲಿಲ್ಲ ಮೇಡಂ. 😀